ನಂದಿಬೆಟ್ಟದ ಇಳಿಜಾರಿನಲ್ಲಿ ಕಚ್ಚಿಕೊಂಡ ಬ್ರೇಕ್: ಹಳೆಯ ಎಂಜಿಬಿ ಕಾರಿನ ಕ್ಯಾಲಿಪರ್ ಬಿಚ್ಚುವ ಮುನ್ನ

ಪ್ರಶ್ನೆ: ನನ್ನ ಬಳಿ 1972ರ ಎಂಜಿಬಿ ಎಂಬ ಬ್ರಿಟಿಷ್ ಕಾರು ಇದೆ. ಮಾವನವರದ್ದು. ಅವರು ತೀರಿಕೊಂಡ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತೇ ಇತ್ತು. ಈಚೆಗೆ ಎಂಜಿನ್ ಸರಿಮಾಡಿಸಿ, ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿ ನಂದಿಬೆಟ್ಟಕ್ಕೆ ಹೋಗಿದ್ದೆವು. ಇಳಿಯುವಾಗ ಮುಂದಿನ ಬಲ ಚಕ್ರದಿಂದ ಸುಟ್ಟ ವಾಸನೆ ಬಂತು, ಕಾರು ಬಲಕ್ಕೆ ಎಳೆಯತೊಡಗಿತು, ಕೊನೆಯ ತಿರುವುಗಳಲ್ಲಿ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಒಬ್ಬ ಮೆಕ್ಯಾನಿಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೋಡೆಗೆ ಹೋನಿಂಗ್ ಮಾಡಿಸಿ, ಎಂದರೆ ಉಜ್ಜಿ ನುಣುಪು ಮಾಡಿಸಿ, ಸೀಲ್ ಬದಲಿಸಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಹಳೆಯ ಮಾರುತಿಯ ಕ್ಯಾಲಿಪರ್ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ನನಗೆ ಕೈಕೆಲಸ ಅಭ್ಯಾಸವಿದೆ. ನಾನೇ ಬಿಚ್ಚಬಹುದೇ? ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ: ನೀವೇ ಬಿಚ್ಚಬಹುದು, ಆದರೆ ಅದಕ್ಕೆ ಮೊದಲು ದೋಷ ಕ್ಯಾಲಿಪರ್‌ನಲ್ಲೇ ಇದೆಯೆಂಬುದು ಖಚಿತವಾಗಬೇಕು. ನೀವು ಹೇಳಿದ ಲಕ್ಷಣಗಳು ಪಿಸ್ಟನ್ ಹಿಂದಕ್ಕೆ ಸರಿಯದೆ ಕಚ್ಚಿಕೊಂಡಾಗ ಕಾಣಿಸುವಂತೆಯೇ ಚಕ್ರದ ಬಳಿಯ ರಬ್ಬರ್ ಹೋಸ್ ಒಳಗೆ ಊದಿಕೊಂಡಾಗಲೂ ಕಾಣಿಸುತ್ತವೆ. ಹಳೆಯ ಹೋಸ್‌ನ ಒಳಪದರ ಊದಿ ದಾರಿ ಕಟ್ಟಿಕೊಂಡರೆ, ಪೆಡಲ್ ತುಳಿದಾಗಿನ ಒತ್ತಡಕ್ಕೆ ಬ್ರೇಕ್ ಆಯಿಲ್ ಚಕ್ರದತ್ತ ಹೋಗುತ್ತದೆ, ಪೆಡಲ್ ಬಿಟ್ಟಾಗ ಮಾತ್ರ ಹಿಂದಿರುಗಲಾರದೆ ಅಲ್ಲೇ ನಿಲ್ಲುತ್ತದೆ.

ಇದನ್ನು ತಿಳಿಯುವ ವಿಧಾನ ಸರಳವಾಗಿದೆ. ಮುಂಭಾಗವನ್ನು ಜಾಕ್ ಹಾಕಿ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ನಮ್ಮಲ್ಲಿ ಅನೇಕರು ಮಾಡುವಂತೆ ಕಾಂಕ್ರೀಟಿನ ಹಾಲೋ ಬ್ಲಾಕಿನ ಮೇಲೆ ಎಂದಿಗೂ ನಿಲ್ಲಿಸಬೇಡಿ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಪೆಡಲನ್ನು ನಾಲ್ಕೈದು ಬಾರಿ ಬಲವಾಗಿ ತುಳಿದು ಬಿಟ್ಟು ಬಲ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲನ್ನು (ಆಯಿಲ್ ಮತ್ತು ಗಾಳಿ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗತೊಡಗಿದರೆ, ಪಿಸ್ಟನ್‌ನ ಹಿಂದೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ಆಗ ನಿಪ್ಪಲ್ ಬಿಗಿಮಾಡಿ, ಪೆಡಲ್ ಮತ್ತೊಮ್ಮೆ ತುಳಿದು, ಈ ಬಾರಿ ಹೋಸ್‌ಗೆ ಮೊದಲು ಬರುವ ಉಕ್ಕಿನ ಪೈಪಿನ ನಟ್ಟನ್ನು ಸಡಿಲಿಸಿ ನೋಡಿ. ಅಲ್ಲಿ ಸಡಿಲಿಸಿದಾಗಲೂ ಚಕ್ರ ಬಿಡಿಸಿಕೊಂಡರೆ ತಪ್ಪು ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನದು, ಬಿಡಿಸಿಕೊಳ್ಳದಿದ್ದರೆ ಹೋಸ್‌ನದು. ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಉಳಿದರೆ ಮಾತ್ರ ಪಿಸ್ಟನ್ ಕಚ್ಚಿಕೊಂಡಿದೆ. ನಾಲ್ಕು ವರ್ಷ ನಿಂತ ಕಾರಿನಲ್ಲಿ ಹೋಸ್ ಊದುವುದು, ಪಿಸ್ಟನ್ ಕಚ್ಚುವುದು ಎರಡೂ ಒಟ್ಟಿಗೆ ಇರುವುದುಂಟು. ಆದ್ದರಿಂದ ಪರೀಕ್ಷೆಯ ಫಲ ಏನೇ ಬರಲಿ, ರಬ್ಬರ್ ಹೋಸ್‌ಗಳನ್ನು ಬದಲಿಸಿಬಿಡಿ. ಈ ಇಡೀ ಕೆಲಸದಲ್ಲಿ ಅದಕ್ಕಿಂತ ಅಗ್ಗದ ಭದ್ರತೆ ಬೇರೆಯಿಲ್ಲ.

ಪೆಡಲ್ ಮೆತ್ತಗಾದದ್ದು ಬೇರೊಂದು ವಿಷಯವನ್ನೂ ಹೇಳುತ್ತದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಒಂದು ಟನ್ ತೂಕದ ಕಾರು ಅಲ್ಲಿಂದ 500 ಮೀಟರ್ ಕೆಳಗಿಳಿಯುವಾಗ ಕಳೆದುಕೊಳ್ಳುವ ಶಕ್ತಿ ಸುಮಾರು 49 ಲಕ್ಷ ಜೂಲ್, ಎಂದರೆ ಹದಿನೈದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಎಂಜಿನ್ನೂ ಗಾಳಿಯೂ ಹಂಚಿಕೊಂಡು ಉಳಿದುದೆಲ್ಲ ಬ್ರೇಕ್‌ಗಳ ಪಾಲಿಗೆ ಬರುತ್ತದೆ. ಒಂದು ಪ್ಯಾಡ್ ಬಿಡುವಿಲ್ಲದೆ ಡಿಸ್ಕನ್ನು ಉಜ್ಜುತ್ತಿದ್ದರೆ ಅದರ ದೊಡ್ಡ ಭಾಗ ಆ ಒಂದು ಚಕ್ರದ ಮೇಲೆಯೇ ಬೀಳುತ್ತದೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ, ಗ್ಲೈಕಾಲ್ ವರ್ಗದ ರಾಸಾಯನಿಕ. ಅದು ಹೋಸ್ ಮತ್ತು ಸೀಲ್‌ಗಳ ಮೂಲಕವೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ನಿಮ್ಮ ಕಾರಿನಲ್ಲಿ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ, ನಿಂತು ತಣಿದಾಗ ಗುಳ್ಳೆ ಮತ್ತೆ ದ್ರವವಾಗಿದೆ. ಪೆಡಲ್ ಸರಿಹೋಯಿತೆಂದು ನಿಮಗೆ ಅನಿಸಿದ್ದು ಅಷ್ಟರಿಂದಲೇ. ಈ ಸ್ಥಿತಿಯಲ್ಲಿ ಆ ಕಾರನ್ನು ಮಾರುಕಟ್ಟೆಗೆ ಹೋಗಿಬರುವಷ್ಟು ದೂರಕ್ಕೂ ಓಡಿಸಬೇಡಿ.

ಈಗ ಹೋನಿಂಗ್ ವಿಷಯಕ್ಕೆ ಬರೋಣ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಮಾಸ್ಟರ್ ಸಿಲಿಂಡರ್ ಅಥವಾ ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರಿಗೆ ಅನ್ವಯಿಸುವ ಮಾತು. ಅಲ್ಲಿ ರಬ್ಬರ್ ವಾಷರ್ ಪಿಸ್ಟನ್‌ನೊಡನೆ ಚಲಿಸುತ್ತ ಸಿಲಿಂಡರಿನ ಒಳಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಗೋಡೆಯಲ್ಲಿ ಗುಳಿಯಿದ್ದರೆ ಸೋರುತ್ತದೆ. ನಿಮ್ಮ ಮುಂದಿನ ಕ್ಯಾಲಿಪರ್‌ನಲ್ಲಿ ವ್ಯವಸ್ಥೆ ತಲೆಕೆಳಗಾಗಿದೆ. ಚೌಕ ಅಂಚಿನ ಬಳೆಯಂಥ ಸೀಲ್ ಕ್ಯಾಲಿಪರ್‌ನ ಗೋಡೆಯಲ್ಲಿ ಕೊರೆದ ಕಚ್ಚಿನೊಳಗೆ, ಲೇತಿನವರು ಗ್ರೂವ್ ಎನ್ನುವ ಜಾಗದಲ್ಲಿ, ಸ್ಥಿರವಾಗಿ ಕೂತಿರುತ್ತದೆ. ಚಲಿಸುವುದು ಅದರ ನಡುವೆ ಹಾಯುವ ಪಿಸ್ಟನ್. ಆಯಿಲ್ ತಡೆಯುವುದು ಪಿಸ್ಟನ್‌ನ ಹೊರಮೈ ಮತ್ತು ಸೀಲ್, ಇವೆರಡೇ. ಒಳಗೋಡೆ ಪಿಸ್ಟನ್‌ಗೆ ದಾರಿ ತೋರಿಸುತ್ತದೆಯೇ ಹೊರತು ಆಯಿಲ್ ತಡೆಯುವ ಕೆಲಸ ಮಾಡುವುದಿಲ್ಲ. ಅಲ್ಲಿ ಸಣ್ಣ ಗುಳಿಗಳಿದ್ದರೂ ನಷ್ಟವಿಲ್ಲ. ಹೋನಿಂಗ್ ಮಾಡಿಸಿದರೆ ಪಿಸ್ಟನ್‌ಗೂ ಗೋಡೆಗೂ ನಡುವಿನ ಸಂದು ದೊಡ್ಡದಾಗುತ್ತದೆ, ಗ್ರೂವಿನ ಅಂಚುಗಳು ಸವೆಯುತ್ತವೆ, ಲಾಭವಂತೂ ಏನೂ ಇಲ್ಲ.

ಆ ಅಂಚುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕಾದುದಕ್ಕೆ ಕಾರಣ ಸೀಲ್ ಮಾಡುವ ಎರಡನೆಯ ಕೆಲಸ. ಈ ಕ್ಯಾಲಿಪರ್‌ನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇಲ್ಲ. ಪೆಡಲ್ ತುಳಿದಾಗ ಪಿಸ್ಟನ್ ಮುಂದೆ ಸರಿಯುತ್ತ ಸೀಲಿನ ಒಳ ಅಂಚನ್ನು ತನ್ನೊಡನೆ ಕೊಂಚ ಬಾಗಿಸಿಕೊಂಡು ಹೋಗುತ್ತದೆ. ಒತ್ತಡ ಇಳಿದಾಗ ರಬ್ಬರ್ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡು ಡಿಸ್ಕನ್ನು ಬಿಡುವುದು ಆ ಕೂದಲೆಳೆಯ ಅಂತರದಿಂದಲೇ. ಗ್ರೂವಿನ ತಳದಲ್ಲಿ ತುಕ್ಕು ಉಬ್ಬಿದರೆ ಅದು ಸೀಲನ್ನು ಪಿಸ್ಟನ್‌ನ ಮೇಲೆ ಅಮುಕುತ್ತದೆ, ರಬ್ಬರಿಗೆ ಬಾಗಲು ಜಾಗ ಸಿಗುವುದಿಲ್ಲ, ಪಿಸ್ಟನ್ ಮುಂದೆ ಹೋದದ್ದು ಅಲ್ಲೇ ನಿಲ್ಲುತ್ತದೆ. ಹೊಸ ಸೀಲ್ ಹಾಕಿಯೂ ಎರಡು ತಿಂಗಳಲ್ಲಿ ಮತ್ತೆ ಕಚ್ಚಿಕೊಂಡ ಕ್ಯಾಲಿಪರ್‌ಗಳನ್ನು ನಾನು ಬಿಚ್ಚಿ ನೋಡಿದಾಗಲೆಲ್ಲ ಹೆಚ್ಚಾಗಿ ಕಂಡದ್ದು ಈ ಗ್ರೂವಿನ ತುಕ್ಕನ್ನೇ. ಸೀಲ್ ಬದಲಿಸಿದವರು ಅದು ಕೂರುವ ಜಾಗವನ್ನು ನೋಡಿಯೇ ಇರಲಿಲ್ಲ.

ಹೊಸ ಪ್ಯಾಡ್ ಹಾಕಿಸಿದ ಮೇಲೆಯೇ ತೊಂದರೆ ಬಂದದ್ದು ಕೂಡ ಕಾಕತಾಳೀಯವಲ್ಲ. ಹಳೆಯ ಪ್ಯಾಡ್ ಸವೆದಂತೆ ಪಿಸ್ಟನ್ ಹೊರಕ್ಕೆ ಬರುತ್ತ ಹೋಗುತ್ತದೆ. ಪಿಸ್ಟನ್‌ಗೆ ಧೂಳು ತಾಗದಂತೆ ಕಾಯುವ ಧೂಳಿನ ರಬ್ಬರ್ ಹರಿದಿದ್ದರೆ ಹೊರಬಂದ ಆ ಭಾಗಕ್ಕೆ ನಾಲ್ಕು ಮಳೆಗಾಲದ ತೇವ ತಗಲಿ ಕ್ರೋಮ್ ಪದರದ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಅದನ್ನು ಕೂರಿಸುವವರು ಪಿಸ್ಟನ್ನನ್ನು ಒಳಕ್ಕೆ ತಳ್ಳಲೇಬೇಕು. ಹಾಗೆ ತಳ್ಳಿದಾಗ ತುಕ್ಕು ಹಿಡಿದ ಭಾಗವೇ ಸೀಲಿನ ಒಳಗೆ ಹೋಗಿ ಕೂರುತ್ತದೆ.

ಬಿಚ್ಚುವ ಕ್ರಮದಲ್ಲಿ ಆತುರ ಬೇಡ. ಪೈಪು ಕಳಚುವ ಮೊದಲೇ, ಕ್ಯಾಲಿಪರನ್ನು ಡಿಸ್ಕಿನಿಂದ ಇಳಿಸಿ, ಹೋಸ್‌ಗೆ ಭಾರ ಬೀಳದಂತೆ ತಂತಿಯಿಂದ ತೂಗುಹಾಕಿ, ಪೆಡಲನ್ನೇ ಮೆಲ್ಲಗೆ ಒತ್ತಿ ಪಿಸ್ಟನ್‌ಗಳನ್ನು ಹೊರತರುವುದು ಎಲ್ಲಕ್ಕಿಂತ ಸುರಕ್ಷಿತವಾದ ದಾರಿ. ಎದುರುಬದುರಾಗಿ ಎರಡು ಪಿಸ್ಟನ್‌ಗಳಿರುವುದರಿಂದ ಸಡಿಲವಾದದ್ದು ಮೊದಲು ಬರುತ್ತದೆ, ಕಚ್ಚಿಕೊಂಡದ್ದು ಕದಲುವುದಿಲ್ಲ. ಸಡಿಲವಾದದ್ದನ್ನು ಜಿ-ಕ್ಲ್ಯಾಂಪ್ ಹಾಕಿ ಹಿಡಿದು ಹಠಮಾರಿಯನ್ನೇ ಮೊದಲು ಬಹುಪಾಲು ಹೊರಗೆ ತನ್ನಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಪಿಸ್ಟನ್ ಹಾರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 54 ಮಿಲಿಮೀಟರ್ ವ್ಯಾಸದ ಪಿಸ್ಟನ್‌ನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಏಳು ಕಿಲೋ ಗಾಳಿಯ ಒತ್ತಡ ಬಿದ್ದರೆ ಒಟ್ಟು ಬಲ ಸುಮಾರು 160 ಕಿಲೋ ಆಗುತ್ತದೆ. ನಡುವೆ ಬೆರಳಿದ್ದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಪೆಡಲಿಗೂ ಬಗ್ಗದ ಪಿಸ್ಟನ್‌ಗೆ ಗ್ರೀಸ್ ಗನ್ ಒಳ್ಳೆಯ ಉಪಾಯ: ಹೋಸ್‌ನ ರಂಧ್ರಕ್ಕೆ ಸರಿಹೊಂದುವ ಗ್ರೀಸ್ ನಿಪ್ಪಲ್ ಸಿಕ್ಕಿಸಿ ಗ್ರೀಸ್ ತುಂಬುತ್ತ ಹೋದರೆ ಅದು ಗಾಳಿಯಂತೆ ಸಿಡಿಯದೆ, ಇಂಚಿಂಚಾಗಿ ತಳ್ಳುತ್ತದೆ. ಆಮೇಲೆ ಒಳಗಿನ ಗ್ರೀಸ್ ಒಂದು ಚೂರೂ ಉಳಿಯದಂತೆ ತೊಳೆಯುವ ಶ್ರಮ ಮಾತ್ರ ನಿಮ್ಮದು. ಇಕ್ಕಳದಿಂದ ಪಿಸ್ಟನ್‌ನ ಮೈಯನ್ನು ಹಿಡಿದು ತಿರುಚಿದರೆ ಆ ಪಿಸ್ಟನ್ ಮುಗಿಯಿತೆಂದೇ ತಿಳಿಯಿರಿ.

ಪ್ಯಾಡಿನ ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬೇಡಿ, ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ. ಪಿಸ್ಟನ್ ಮುಖದಲ್ಲಿ ಒಂದು ಬದಿ ಕಡಿದಂತೆ ಇದ್ದರೆ ಅದು ಯಾವ ದಿಕ್ಕಿಗಿತ್ತೆಂದು ತೆಗೆಯುವ ಮುನ್ನ ಗುರುತು ಮಾಡಿಕೊಳ್ಳಿ.

ಕ್ಯಾಲಿಪರ್‌ನ ಎರಡು ಭಾಗಗಳನ್ನು ಜೋಡಿಸಿರುವ ದೊಡ್ಡ ಬೋಲ್ಟುಗಳನ್ನು ಬಿಚ್ಚುವ ಆಸೆಯಾಗುತ್ತದೆ, ಒಳಗೆ ಕೈಯಾಡಿಸಲು ಅನುಕೂಲವೆಂದು. ತೀರ ಅನಿವಾರ್ಯವಾಗದ ಹೊರತು ಬಿಚ್ಚಬೇಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಆಯಿಲ್ ಹಾಯುವ ಸಣ್ಣ ರಂಧ್ರದ ಸುತ್ತ ಒಂದು ಪುಟ್ಟ ಸೀಲ್ ಇದೆ. ಅನೇಕ ಸೀಲ್ ಕಿಟ್‌ಗಳಲ್ಲಿ ಅದು ಬರುವುದಿಲ್ಲ. ಹಳೆಯದನ್ನೇ ಮತ್ತೆ ಹಾಕಿದರೆ ಹೊರಗಿನಿಂದ ಕಾಣದಷ್ಟು ಸೂಕ್ಷ್ಮವಾಗಿ ಸೋರಲು ಅಷ್ಟೇ ಸಾಕು. ಆ ಬೋಲ್ಟುಗಳೂ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯ ಬೋಲ್ಟುಗಳಲ್ಲ. ಬಿಚ್ಚಲೇಬೇಕಾಗಿ ಬಂದರೆ ಹೊಸ ಸೀಲ್ ಮತ್ತು ಹೊಸ ಬೋಲ್ಟು ಕೈಗೆ ಬಂದ ಮೇಲೆ ಬಿಚ್ಚಿ, ನಿಮ್ಮ ಮಾದರಿಯ ವರ್ಕ್‌ಶಾಪ್ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಮಾಡಿ.

ಸ್ವಚ್ಛಗೊಳಿಸುವ ಹಂತದಲ್ಲಿ ನಮ್ಮ ಗ್ಯಾರೇಜುಗಳ ಹಳೆಯ ಅಭ್ಯಾಸವೊಂದು ತೊಂದರೆ ಕೊಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಯಾವುದೂ ಸೀಲಿನ ಹತ್ತಿರ ಬರಬಾರದು. ಗ್ಲೈಕಾಲ್ ಬ್ರೇಕ್ ಆಯಿಲ್‌ಗೆ ಒಗ್ಗುವ ರಬ್ಬರ್ ಖನಿಜ ತೈಲ ತಗಲಿದರೆ ಊದಿಕೊಳ್ಳುತ್ತದೆ. ಹೊರಮೈಯ ಜಿಡ್ಡನ್ನು ಮೊದಲು ಯಾವುದರಿಂದ ಬೇಕಾದರೂ ತೊಳೆಯಿರಿ, ಕೊನೆಯ ತೊಳೆತ ಮಾತ್ರ ಐಸೋಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್‌ನಲ್ಲೇ ಆಗಬೇಕು. ಗ್ರೂವಿನ ತುಕ್ಕನ್ನು ತೆಗೆಯಲು ಸ್ಕ್ರೂಡ್ರೈವರ್ ಬಳಸಬೇಡಿ. ಹಿತ್ತಾಳೆಯ ಸಣ್ಣ ಬ್ರಶ್ಶು, ಮೊನೆ ಮಾಡಿದ ಬಿದಿರು ಕಡ್ಡಿ ಮತ್ತು ತಾಳ್ಮೆ ಇದ್ದರೆ ಸಾಕು. ಒಂದು ಗ್ರೂವಿಗೆ ಅರ್ಧ ಗಂಟೆ ಹಿಡಿಯಬಹುದು. ಟಾರ್ಚ್ ಹಿಡಿದು ಸುತ್ತಲೂ ನೋಡಿದಾಗ ತಳದಲ್ಲಿ ಎಲ್ಲೂ ಕಂದು ಪುಡಿ ಕಾಣಬಾರದು. ಬೆರಳಿನ ಉಗುರಿಗೆ ಸಿಗುವಷ್ಟು ಆಳದ ಗುಳಿ ತಳದಲ್ಲಿದ್ದರೆ, ಅಥವಾ ಅಂಚು ಚಕ್ಕೆ ಎದ್ದಿದ್ದರೆ ಆ ಕ್ಯಾಲಿಪರ್ ಬಿಟ್ಟುಬಿಡಿ. ಮುಂದಿನ ಖರ್ಚಿನ ಲೆಕ್ಕವೆಲ್ಲ ಈ ನೋಟದ ಮೇಲೆಯೇ ನಿಂತಿರುವುದರಿಂದ, ಇದಾಗುವವರೆಗೆ ಯಾವ ಬಿಡಿಭಾಗವನ್ನೂ ತರಿಸಬೇಡಿ ಎಂದು ಸಲಹೆ ಕೊಡುತ್ತೇನೆ.

ಪಿಸ್ಟನ್‌ಗಳ ವಿಷಯದಲ್ಲಿ ನನ್ನ ತೀರ್ಮಾನ ಕಟ್ಟುನಿಟ್ಟಾದದ್ದು: ಕ್ರೋಮ್ ಒಂದೆಡೆ ಎದ್ದಿದ್ದರೂ ನಾಲ್ಕನ್ನೂ ಬದಲಿಸಿ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ತುಮಕೂರಿನ ಗ್ಯಾರೇಜೊಂದರಲ್ಲಿ ನಾನು ಇಂಥದೇ ಪಿಸ್ಟನ್ನಿನ ಗುಳಿಗಳನ್ನು ಎಮರಿ ಪೇಪರಿನಿಂದ ತಿಕ್ಕಿ, ಕನ್ನಡಿಯಂತೆ ಹೊಳೆಯಿಸಿ, ಹೆಮ್ಮೆಯಿಂದ ಜೋಡಿಸಿಕೊಟ್ಟಿದ್ದೆ. ತಿಕ್ಕಿದ್ದರಿಂದ ಉಳಿದಿದ್ದ ಕ್ರೋಮೂ ಹೋಗಿ ಬರಿಯ ಉಕ್ಕು ತೆರೆದುಕೊಂಡಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಗಾಡಿ ಸೋರುತ್ತ ಹಿಂದಿರುಗಿತು. ದೇವರಾಯನದುರ್ಗದ ಇಳಿಜಾರಿನಲ್ಲಿ ಕೈಕೊಡದೆ ಊರೊಳಗೆ ಕೈಕೊಟ್ಟದ್ದು ಮಾಲೀಕರ ಪುಣ್ಯ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರು, ಆದ್ದರಿಂದ ಇಂದಿಗೂ ಅದರ ಸ್ಟೇನ್‌ಲೆಸ್ ಸ್ಟೀಲ್ ಪಿಸ್ಟನ್, ಸೀಲ್ ಕಿಟ್, ಅಷ್ಟೇ ಏಕೆ, ಇಡೀ ಕ್ಯಾಲಿಪರ್ ಕೂಡ ಹೊರದೇಶದ ಬಿಡಿಭಾಗ ವ್ಯಾಪಾರಿಗಳಲ್ಲಿ ಸಿಗುತ್ತವೆ. ಸ್ಟೇನ್‌ಲೆಸ್ ಪಿಸ್ಟನ್ ತುಕ್ಕು ಹಿಡಿಯುವುದಿಲ್ಲ, ಸಾಮಾನ್ಯ ಉಕ್ಕಿಗಿಂತ ಶಾಖವನ್ನು ಆಯಿಲ್‌ಗೆ ಕಡಿಮೆ ದಾಟಿಸುತ್ತದೆ. ಪೀಣ್ಯದಲ್ಲೋ ನಿಮ್ಮೂರಿನ ಲೇತಿನಲ್ಲೋ ಮಾಡಿಸಬಹುದಲ್ಲ ಎಂದು ಕೇಳುವಿರಿ. ಮಾಡಿಸಬಹುದು, ಆದರೆ ಲೇತಿನಲ್ಲಿ ಕಡೆದ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿರುವ ಸೂಕ್ಷ್ಮ ಗೆರೆಗಳು ಸೀಲನ್ನು ಅರದಂತೆ ತಿನ್ನುತ್ತವೆ. ಸಿಲಿಂಡ್ರಿಕಲ್ ಗ್ರೈಂಡಿಂಗ್ ಆಗಲೇಬೇಕು. ಬಿಗಿಯಾಗಿ ಕೂರಲಿ ಎಂದು ಅಳತೆಯನ್ನು ಹೆಚ್ಚಿಸುವ ಹುಮ್ಮಸ್ಸೂ ಅಪಾಯಕಾರಿ. ಸ್ಟೇನ್‌ಲೆಸ್ ಸ್ಟೀಲ್ ಬೀಡುಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ: ನೂರು ಡಿಗ್ರಿ ಶಾಖ ಏರಿದರೆ 54 ಮಿಲಿಮೀಟರ್ ಪಿಸ್ಟನ್ ತನ್ನ ಸುತ್ತಲಿನ ಕ್ಯಾಲಿಪರ್‌ಗಿಂತ ಸುಮಾರು 0.03 ಮಿಲಿಮೀಟರ್ ಅಧಿಕ ಬೆಳೆಯುತ್ತದೆ. ತಣ್ಣಗಿದ್ದಾಗ ಸೊಗಸಾಗಿ ಕೂತದ್ದು ಬೆಟ್ಟದ ಮೇಲೆ ಮತ್ತೆ ಕಚ್ಚಿಕೊಳ್ಳುತ್ತದೆ.

ಸೀಲಿನಲ್ಲಿಯೂ ಹೊಂದಾಣಿಕೆ ಬೇಡ. ಜೆ.ಸಿ. ರಸ್ತೆಯಲ್ಲಿ ಅಳತೆ ಕೊಟ್ಟು ಕೇಳಿದರೆ ಸರಿಯಾಗಿ ಕೂರುವ ಓ-ರಿಂಗ್ ತೆಗೆದುಕೊಡುವವರು ಸಿಗುತ್ತಾರೆ. ದುಂಡು ಓ-ರಿಂಗ್ ಆಯಿಲನ್ನು ಕೆಲಕಾಲ ತಡೆದೀತು, ಪಿಸ್ಟನ್ನನ್ನು ಹಿಂದಕ್ಕೆ ತರುವ ಕೆಲಸವನ್ನು ಚೌಕ ಸೀಲಿನಂತೆ ಮಾಡಲಾರದು. ಮೇಲಾಗಿ ಅಂಗಡಿಯ ಸಾಮಾನ್ಯ ಓ-ರಿಂಗ್ ನೈಟ್ರೈಲ್ ರಬ್ಬರಿನದು, ಎಂಜಿನ್ ಆಯಿಲ್‌ಗೆ ಹೇಳಿಮಾಡಿಸಿದಂಥದು, ಬ್ರೇಕ್ ಆಯಿಲ್‌ನಲ್ಲಿ ಅದು ಹಾಳಾಗುತ್ತದೆ. ಬೇಕಾದದ್ದು ಇಪಿಡಿಎಂ ಎಂಬ ಬಗೆ. ಎರಡೂ ಕಪ್ಪಗಿರುವುದರಿಂದ ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ.

ಮಾರುತಿಯ ಕ್ಯಾಲಿಪರ್ ಕೂರಿಸುವ ಸಲಹೆಯನ್ನು ನಾನು ನೇರವಾಗಿ ತಳ್ಳಿಹಾಕುತ್ತೇನೆ. ಅದು ಒಂದೇ ಪಿಸ್ಟನ್ನಿನ, ಪಿನ್ನಿನ ಮೇಲೆ ಜಾರುವ ಕ್ಯಾಲಿಪರ್. ನಿಮ್ಮದು ಅಲುಗಾಡದೆ ನಿಲ್ಲುವ, ಎದುರುಬದುರು ಪಿಸ್ಟನ್ನಿನದು. ಬ್ರಾಕೆಟ್ ಬೆಸುಗೆ ಹಾಕಿ ಕೂರಿಸಿದರೂ ಪಿಸ್ಟನ್ನಿನ ವಿಸ್ತೀರ್ಣಕ್ಕೂ ಮಾಸ್ಟರ್ ಸಿಲಿಂಡರಿಗೂ ಇರುವ ಅನುಪಾತ ಕೆಡುತ್ತದೆ, ಮುಂದಿನ ಡಿಸ್ಕಿಗೂ ಹಿಂದಿನ ಡ್ರಮ್ಮಿಗೂ ನಡುವಿನ ಹಂಚಿಕೆ ತಪ್ಪುತ್ತದೆ. ಪೈಪಿನ ಮರೆಯಲ್ಲಿ, ಎಂದರೆ ನಟ್ಟಿನ ಸುರುಳಿ ಗೀರಿನಲ್ಲಿ (ಥ್ರೆಡ್), ಬೇರೊಂದು ಅಪಾಯವೂ ಇದೆ: ನಿಮ್ಮ ಕಾರಿನ ಪೈಪಿನ ನಟ್ಟುಗಳು ಇಂಚಿನ ಅಳತೆಯವು, ಈಗಿನ ಕಾರುಗಳದ್ದು ಮೆಟ್ರಿಕ್. ಮುಕ್ಕಾಲು ಪಾಲು ಒಂದೇ ಥರ ಕಾಣುವ 3/8 ಇಂಚಿನ ಸಣ್ಣ ಮರೆಯ ನಟ್ಟು 10 ಮಿಲಿಮೀಟರಿನ ರಂಧ್ರದೊಳಗೆ ಸಲೀಸಾಗಿ ಹೋಗಿ ಬಿಗಿಯಾದಂತೆ ಅನಿಸುತ್ತದೆ, ಜೋರಾಗಿ ಪೆಡಲ್ ತುಳಿದ ದಿನ ಕಿತ್ತುಕೊಂಡು ಬರುತ್ತದೆ.

ಜೋಡಣೆ ಬಿಚ್ಚಿದ್ದಕ್ಕಿಂತ ಬೇಗ ಮುಗಿಯುತ್ತದೆ. ಸೀಲನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ, ಬೆರಳಿನಿಂದಲೇ ಗ್ರೂವಿನೊಳಗೆ ಇಳಿಸಿ, ಎಲ್ಲೂ ತಿರುಚಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ. ಪಿಸ್ಟನ್‌ಗೆ ಕೆಂಪು ರಬ್ಬರ್ ಗ್ರೀಸನ್ನು ತೆಳುವಾಗಿ ಸವರಬಹುದು. ಅದು ಹರಳೆಣ್ಣೆಯ ಮೂಲದ್ದಾದ್ದರಿಂದ ರಬ್ಬರಿಗೆ ಹಾನಿಯಿಲ್ಲ. ಚಕ್ರದ ಬೇರಿಂಗಿನ ಗ್ರೀಸ್ ಮಾತ್ರ ಬೇಡ. ಪಿಸ್ಟನ್ ನೆಟ್ಟಗೆ ನಿಂತಿದ್ದರೆ ಎರಡು ಹೆಬ್ಬೆರಳಿನ ಒತ್ತಡಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಅದು ಓರೆಯಾಗಿದೆ. ಸುತ್ತಿಗೆ ಹುಡುಕದೆ ಹೊರತೆಗೆದು ಮತ್ತೆ ಇಡಿ. ಧೂಳಿನ ರಬ್ಬರ್ ಮತ್ತು ಅದನ್ನು ಹಿಡಿಯುವ ಲೋಹದ ಬಳೆಯನ್ನು ಹಳೆಯ ಪಿಸ್ಟನ್ನನ್ನೇ ಅಡ್ಡವಿಟ್ಟು ಕ್ಲ್ಯಾಂಪಿನಿಂದ ಸಮವಾಗಿ ಒತ್ತಿ ಕೂರಿಸಬಹುದು. ಹೋಸ್‌ಗೆ ಹೊಸ ತಾಮ್ರದ ವಾಷರ್ ಹಾಕಿ. ಕೊನೆಯಲ್ಲಿ ಎರಡೂ ಕ್ಯಾಲಿಪರ್‌ಗಳ ಬ್ಲೀಡ್ ನಿಪ್ಪಲ್ ಮೇಲುಗಡೆಗೇ ಬಂದಿದೆಯೇ ನೋಡಿ: ಎಡಬಲ ಅದಲುಬದಲಾಗಿದ್ದರೆ ನಿಪ್ಪಲ್ ಕೆಳಕ್ಕೆ ಹೋಗುತ್ತದೆ, ಆಗ ದಿನವಿಡೀ ಪೆಡಲ್ ತುಳಿದರೂ ಮೇಲೆ ಸಿಕ್ಕಿದ ಗಾಳಿ ಹೊರಬರುವುದಿಲ್ಲ. ಅನುಭವಿಗಳೂ ಈ ತಪ್ಪು ಮಾಡಿ ಮಾಸ್ಟರ್ ಸಿಲಿಂಡರನ್ನು ಬೈದುಕೊಂಡದ್ದನ್ನು ಕಂಡಿದ್ದೇನೆ.

ಗಾಳಿ ತೆಗೆಯುವಾಗ ಸೀಲ್ ಒಡೆಯದ ಹೊಸ ಬಾಟಲಿಯ ಡಾಟ್ 4 ಬಳಸಿ, ಹಳೆಯ ಆಯಿಲ್ ಪೂರ್ತಿ ಹೊರಹೋಗಿ ತಿಳಿಬಣ್ಣ ಬರುವವರೆಗೆ ನಾಲ್ಕೂ ಚಕ್ರಗಳಲ್ಲಿ ಬಿಡಿ. ಸಿಲಿಕೋನಿನ ಡಾಟ್ 5 ಇದರೊಡನೆ ಬೆರೆಯುವುದಿಲ್ಲ, ಅದನ್ನು ಹಾಕಬೇಡಿ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುವುದು ನನ್ನ ರೂಢಿ: ವರ್ಷಗಟ್ಟಲೆ ಪೆಡಲ್ ಪೂರ್ತಿ ಒಳಗೆ ಹೋಗದ ಕಾರಣ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ನೆಲದವರೆಗೆ ತುಳಿದರೆ ಅದರ ರಬ್ಬರ್ ಅಲ್ಲಿಗೆ ತಾಗಿ ಹರಿಯುತ್ತದೆ. ಕ್ಯಾಲಿಪರ್ ಸರಿಯಾದ ಮರುದಿನವೇ ಮಾಸ್ಟರ್ ಸಿಲಿಂಡರ್ ಕೆಟ್ಟಿತು ಎಂಬ ದೂರು ಬಹಳ ಸಲ ಹೀಗೆಯೇ ಹುಟ್ಟುತ್ತದೆ. ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಒರೆಸುತ್ತ ಕೂರದೆ ತಕ್ಷಣ ನೀರು ಹೊಯ್ಯಿರಿ.

ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿ, ಪೆಡಲ್ ಒತ್ತಿದ ಸ್ಥಿತಿಯಲ್ಲೇ ಕಾರನ್ನು ಒಂದು ರಾತ್ರಿ ಬಿಡಿ. ಬೆಳಗ್ಗೆ ಪೆಡಲ್ ಕೆಳಗಿಳಿದಿರಬಾರದು, ಧೂಳಿನ ರಬ್ಬರಿನ ಸುತ್ತ ಒದ್ದೆ ಕಾಣಬಾರದು. ಅನಂತರ ಜನರಿಲ್ಲದ ಬಯಲಿನಲ್ಲಿ ನಿಧಾನವಾಗಿ ನಿಲ್ಲಿಸಿ ನೋಡಿ, ಆಮೇಲೆ 50ರ ವೇಗದಿಂದ 15ಕ್ಕೆ ಇಳಿಸುವುದನ್ನು ನಡುವೆ ತಣಿಯಲು ಬಿಡುತ್ತ ಹತ್ತಾರು ಬಾರಿ ಮಾಡಿ. ಸುಟ್ಟ ಹಳೆಯ ಪ್ಯಾಡನ್ನು ಮರಳಿ ಬಳಸದೆ ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿರುತ್ತೀರೆಂದು ಭಾವಿಸಿದ್ದೇನೆ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಎಡ ಮತ್ತು ಬಲ ಚಕ್ರಗಳ ಬಳಿ ಅಂಗೈ ಹಿಡಿದರೆ ಶಾಖ ಒಂದೇ ಸಮನಿರಬೇಕು. ಒಂದು ಬದಿ ಬಿಸಿಯಾಗಿದ್ದರೆ ಆ ಬದಿಯ ಗ್ರೂವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಸಮನಾಗಿದ್ದರೆ ನಂದಿಗೆ ಹೋಗಬಹುದು, ಇಳಿಯುವಾಗ ಎರಡನೇ ಗೇರಿನಲ್ಲಿ.